ಆರು ನಿಮಿಷದ ನಡಿಗೆ: ವ್ಯಾಯಾಮಶಕ್ತಿಯ ಒಂದು ಅಳತೆ

ಅರವತ್ತು ದಾಟಿದವರ ಬಾಯಲ್ಲಿ ವೈದ್ಯರು ನಿತ್ಯವೂ ಕೇಳುವ ಮಾತೊಂದಿದೆ: ‘ಮೊದಲಿನಂತೆ ನಡೆಯಲಾಗುವುದಿಲ್ಲ ಡಾಕ್ಟರೇ, ವಯಸ್ಸಾಯಿತಲ್ಲ.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ವಯಸ್ಸಿನೊಡನೆ ನಡಿಗೆಯ ಬಲ ಕುಗ್ಗುವುದು ದೇಹಧರ್ಮ. ಆದರೆ ಎಷ್ಟು ಕುಗ್ಗಿದರೆ ಅದು ವಯಸ್ಸಿನದು, ಎಷ್ಟು ಕುಗ್ಗಿದರೆ ಅದು ರೋಗದ್ದು ಎಂದು ಗುರುತಿಸದೆ ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟರೆ ಅಪಾಯವಿದೆ. ಒಳಗೆ ಬೆಳೆಯುತ್ತಿರುವ ಹೃದ್ರೋಗವೋ, ಶ್ವಾಸಕೋಶದ ರೋಗವೋ, ರಕ್ತಹೀನತೆಯೋ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ರೋಗಿ ನಡೆಯುವುದನ್ನು ಕಡಿಮೆ ಮಾಡಿಕೊಳ್ಳುತ್ತಾನೆ. ನಡೆಯುವುದು ಕಡಿಮೆಯಾದುದರಿಂದ ಏದುಸಿರೂ ಕಾಣಿಸುವುದಿಲ್ಲ. ಏದುಸಿರು ಕಾಣದಿರುವುದರಿಂದ ಮನೆಯವರಿಗೂ ಸಂಶಯ ಬರುವುದಿಲ್ಲ.

ಆರೋಗ್ಯವಂತನಾದ ಒಬ್ಬ ವ್ಯಕ್ತಿ ತನ್ನ ವಯಸ್ಸು, ಎತ್ತರ, ತೂಕಗಳಿಗೆ ಅನುಗುಣವಾಗಿ ಎಷ್ಟು ದೂರ ನಡೆಯಬಲ್ಲನು ಎಂಬುದನ್ನು ಮುಂಚಿತವಾಗಿ ಲೆಕ್ಕಹಾಕುವ ಕ್ರಮ ವೈದ್ಯಶಾಸ್ತ್ರದಲ್ಲಿದೆ. ಆ ಲೆಕ್ಕದ ಬಗೆ, ಅದರ ಉಪಯೋಗ ಮತ್ತು ಮಿತಿಗಳನ್ನು ಭಕ್ತರಿಗೆ ತಿಳಿಸಿಕೊಡುವುದು ಈ ಲೇಖನದ ಉದ್ದೇಶ.

ಆಯುರ್ವೇದದಲ್ಲಿ ಬಲಪರೀಕ್ಷೆ

ಚಿಕಿತ್ಸೆಗೆ ಮೊದಲು ರೋಗಿಯನ್ನು ಹತ್ತು ವಿಧಗಳಲ್ಲಿ ಪರೀಕ್ಷಿಸಬೇಕೆಂದು ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಹೇಳಿದೆ. ಪ್ರಕೃತಿ, ವಿಕೃತಿ, ಸಾರ, ಸಂಹನನ, ಪ್ರಮಾಣ, ಸಾತ್ಮ್ಯ, ಸತ್ತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ ಮತ್ತು ವಯಸ್ಸು ಇವೇ ಆ ಹತ್ತು. ಇವುಗಳಲ್ಲಿ ಒಂಬತ್ತನೆಯದಾದ ವ್ಯಾಯಾಮಶಕ್ತಿಯನ್ನು ಅರಿಯುವ ಬಗೆಯೆಂದರೆ, ವ್ಯಕ್ತಿಯು ಎಷ್ಟು ಕೆಲಸ ಮಾಡಬಲ್ಲನೆಂಬುದನ್ನು ನೋಡುವುದು. ಅದರಿಂದ ಅವನ ಬಲವು ಪ್ರವರವೋ, ಮಧ್ಯಮವೋ, ಅವರವೋ ಎಂದು ನಿರ್ಣಯಿಸಬೇಕು. ಅಂದರೆ ಬಲವನ್ನು ಮುಖ ನೋಡಿ ಊಹಿಸಬಾರದು, ಮಾಡುವ ಕೆಲಸದಿಂದ ಅಳೆಯಬೇಕು ಎಂಬುದು ಆಚಾರ್ಯರ ಅಭಿಪ್ರಾಯ. ದಪ್ಪ ಶರೀರದವನು ಬಲಹೀನನಾಗಿರಬಹುದು, ಕೃಶನಾದವನು ಬಲಶಾಲಿಯಾಗಿರಬಹುದು.

ಆಧುನಿಕ ವೈದ್ಯರು ಇಂದು ಬಳಸುವ ನಡಿಗೆಯ ಪರೀಕ್ಷೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಅವರ ಲೆಕ್ಕದಲ್ಲಿ ಬರುವ ಎತ್ತರ ಮತ್ತು ತೂಕ ನಮ್ಮ ‘ಪ್ರಮಾಣ’ಕ್ಕೆ ಹತ್ತಿರವಾದವು, ವಯಸ್ಸು ಹೇಗೂ ಹತ್ತರಲ್ಲಿ ಒಂದು. ಆಯುರ್ವೇದವು ಮೂರು ತರಗತಿಗಳಲ್ಲಿ ಹೇಳಿದ ಬಲವನ್ನು ಈ ಪರೀಕ್ಷೆ ಮೀಟರುಗಳಲ್ಲಿ ಹೇಳುತ್ತದೆ.

ಪರೀಕ್ಷೆ ರೂಪುಗೊಂಡ ಬಗೆ

1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯರಾಗಿದ್ದ ಕೆನೆತ್ ಕೂಪರ್ ಅವರು, ಸೈನಿಕರು 12 ನಿಮಿಷಗಳಲ್ಲಿ ಎಷ್ಟು ದೂರ ಓಡಬಲ್ಲರೆಂಬುದರಿಂದ ಅವರ ದೇಹದಾರ್ಢ್ಯವನ್ನು ಅಂದಾಜು ಮಾಡುವ ಕ್ರಮವನ್ನು ಪ್ರಕಟಿಸಿದರು. ಓಟವು ರೋಗಿಗಳಿಗೆ ಆಗದ ಮಾತು. 1976ರಲ್ಲಿ ಬ್ರಿಟನ್ನಿನ ವೈದ್ಯರು ದೀರ್ಘಕಾಲದ ಶ್ವಾಸನಾಳದ ಉರಿಯೂತವುಳ್ಳವರಿಗೆ ಓಟದ ಬದಲು 12 ನಿಮಿಷಗಳ ನಡಿಗೆಯನ್ನು ಅಳವಡಿಸಿದರು. ಅಷ್ಟು ಹೊತ್ತು ನಡೆಯುವುದೂ ಅನೇಕರಿಗೆ ಆಯಾಸಕರವಾಗಿತ್ತು. 1982ರಲ್ಲಿ 2, 6 ಮತ್ತು 12 ನಿಮಿಷಗಳ ನಡಿಗೆಗಳನ್ನು ಹೋಲಿಸಿ ನೋಡಿದಾಗ ಮೂರೂ ಬಹುಮಟ್ಟಿಗೆ ಒಂದೇ ಮಾಹಿತಿಯನ್ನು ಕೊಡುವುದು ಕಂಡುಬಂದಿತು. ರೋಗಿಗೆ ಸಹ್ಯವೂ ವೈದ್ಯನಿಗೆ ಉಪಯುಕ್ತವೂ ಆದ ಆರು ನಿಮಿಷವೇ ಮುಂದೆ ರೂಢಿಯಾಯಿತು. 2002ರಲ್ಲಿ ಅಮೆರಿಕದ ಥೊರಾಸಿಕ್ ಸೊಸೈಟಿಯು ಇದಕ್ಕೆ ನಿಯಮಾವಳಿಯನ್ನು ಹೊರಡಿಸಿತು.

ಶ್ವಾಸಕೋಶದ ರೋಗ, ಹೃದಯದ ದೌರ್ಬಲ್ಯ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚುವ ರೋಗ ಇವುಗಳಲ್ಲಿ ರೋಗದ ತೀವ್ರತೆಯನ್ನೂ ಚಿಕಿತ್ಸೆಯ ಫಲವನ್ನೂ ತಿಳಿಯಲು ಇದನ್ನು ಬಳಸುತ್ತಾರೆ. ದೀರ್ಘಕಾಲದ ಶ್ವಾಸರೋಗಿಗಳ ಭವಿಷ್ಯವನ್ನು ಅಂದಾಜು ಮಾಡುವ ‘ಬೋಡ್’ ಎಂಬ ಸೂಚ್ಯಂಕದಲ್ಲಿ ಈ ನಡಿಗೆಗೂ ಅಂಕಗಳಿವೆ. 350 ಮೀಟರ್ ಅಥವಾ ಹೆಚ್ಚು ನಡೆದವರಿಗೆ ಸೊನ್ನೆ; 149 ಮೀಟರ್ ಅಥವಾ ಕಡಿಮೆ ನಡೆದವರಿಗೆ ಮೂರು. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಪರೀಕ್ಷೆಯ ವಿಧಾನ

ಇದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. 30 ಮೀಟರ್ ಉದ್ದದ, ಸಮತಟ್ಟಾದ, ಗಟ್ಟಿ ನೆಲದ ಓಣಿ ಅಥವಾ ಪಡಸಾಲೆ, ಎರಡು ತುದಿಗಳಲ್ಲಿ ಗುರುತಿಗೆ ಎರಡು ವಸ್ತುಗಳು, ಒಂದು ಗಡಿಯಾರ, ಕುಳಿತುಕೊಳ್ಳಲು ಒಂದು ಕುರ್ಚಿ ಇದ್ದರೆ ಸಾಕು. ಆಸ್ಪತ್ರೆಯಲ್ಲಿ ರಕ್ತದೊತ್ತಡ, ನಾಡಿ ಮತ್ತು ರಕ್ತದ ಆಮ್ಲಜನಕವನ್ನೂ ನೋಡುತ್ತಾರೆ.

ಪರೀಕ್ಷೆಗೆ ಬರುವವರು ಹಗುರವಾದ ಆಹಾರ ಸೇವಿಸಿರಬೇಕು. ಹಿಂದಿನ ಎರಡು ಗಂಟೆಗಳಲ್ಲಿ ಶ್ರಮದ ಕೆಲಸ ಮಾಡಿರಬಾರದು. ನಿತ್ಯದ ಔಷಧಗಳನ್ನು ತಪ್ಪಿಸಬಾರದು. ಊರುಗೋಲು ಹಿಡಿದು ನಡೆಯುವ ಅಭ್ಯಾಸವಿದ್ದವರು ಅದನ್ನು ಹಿಡಿದೇ ನಡೆಯಬೇಕು. ಮೊದಲು ಹತ್ತು ನಿಮಿಷ ಕುಳಿತು ವಿಶ್ರಮಿಸಬೇಕು. ಅನಂತರ ಆರು ನಿಮಿಷಗಳಲ್ಲಿ ಸಾಧ್ಯವಾದಷ್ಟು ಹೆಚ್ಚು ದೂರ ನಡೆಯಬೇಕು; ಓಡಬಾರದು. ದಣಿವಾದರೆ ನಿಧಾನಿಸಬಹುದು, ನಿಲ್ಲಬಹುದು, ಗೋಡೆಗೆ ಒರಗಬಹುದು. ಆದರೆ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಜೊತೆಯಲ್ಲಿರುವವರು ಪಕ್ಕದಲ್ಲಿ ನಡೆಯಕೂಡದು, ಏಕೆಂದರೆ ಅವರ ವೇಗವೇ ರೋಗಿಯ ವೇಗವಾಗಿಬಿಡುತ್ತದೆ. ಆರು ನಿಮಿಷ ಮುಗಿದಾಗ ಒಟ್ಟು ನಡೆದ ದೂರವನ್ನು ಮೀಟರುಗಳಲ್ಲಿ ಬರೆದುಕೊಳ್ಳಬೇಕು.

ಎರಡನೆಯ ಸಲ ನಡೆದಾಗ ದೂರವು ಸಾಮಾನ್ಯವಾಗಿ ಸ್ವಲ್ಪ ಹೆಚ್ಚುತ್ತದೆ. ಅದು ಬಲ ಹೆಚ್ಚಿದುದರಿಂದಲ್ಲ, ಪರೀಕ್ಷೆಯ ಪರಿಚಯದಿಂದ. ಆದ್ದರಿಂದ ನಡುವೆ ಸಾಕಷ್ಟು ವಿಶ್ರಾಂತಿ ಕೊಟ್ಟು ಎರಡು ಸಲ ನಡೆಸಿ, ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯುವುದು ಉತ್ತಮ.

ಆರೋಗ್ಯವಂತರು ಎಷ್ಟು ನಡೆಯಬೇಕು?

ರೋಗಿಯೊಬ್ಬರು 400 ಮೀಟರ್ ನಡೆದರೆಂದರೆ ಅದು ಹೆಚ್ಚೋ ಕಡಿಮೆಯೋ? ಹೋಲಿಸಲು ಆರೋಗ್ಯವಂತರ ಅಳತೆ ಬೇಕು. 1998ರಲ್ಲಿ ಅಮೆರಿಕದ ಎನ್‌ರೈಟ್ ಮತ್ತು ಶೆರಿಲ್ ಎಂಬ ಸಂಶೋಧಕರು 40ರಿಂದ 80 ವರ್ಷದೊಳಗಿನ 117 ಆರೋಗ್ಯವಂತ ಪುರುಷರನ್ನೂ 173 ಆರೋಗ್ಯವಂತ ಸ್ತ್ರೀಯರನ್ನೂ ನಡೆಸಿ ನೋಡಿದರು. ನಡುಮಧ್ಯದ ಅಳತೆ ಪುರುಷರಲ್ಲಿ 576 ಮೀಟರ್, ಸ್ತ್ರೀಯರಲ್ಲಿ 494 ಮೀಟರ್ ಇದ್ದಿತು. ಅದರಿಂದ ಅವರು ಎರಡು ಸೂತ್ರಗಳನ್ನು ರಚಿಸಿದರು. ಅವು ಹೀಗಿವೆ:

ಪುರುಷರಿಗೆ: ಎತ್ತರವನ್ನು (ಸೆಂ.ಮೀ.) 7.57ರಿಂದ ಗುಣಿಸಿ, ಅದರಲ್ಲಿ ವಯಸ್ಸು × 5.02, ತೂಕ (ಕೆ.ಜಿ.) × 1.76 ಮತ್ತು 309 ಇವಿಷ್ಟನ್ನೂ ಕಳೆಯಿರಿ.

ಸ್ತ್ರೀಯರಿಗೆ: ಎತ್ತರವನ್ನು (ಸೆಂ.ಮೀ.) 2.11ರಿಂದ ಗುಣಿಸಿ, 667 ಕೂಡಿಸಿ, ಅದರಲ್ಲಿ ತೂಕ (ಕೆ.ಜಿ.) × 2.29 ಮತ್ತು ವಯಸ್ಸು × 5.78 ಇವೆರಡನ್ನೂ ಕಳೆಯಿರಿ.

ಬರುವ ಉತ್ತರವೇ ಆ ವ್ಯಕ್ತಿಯಿಂದ ನಿರೀಕ್ಷಿಸಬಹುದಾದ ದೂರ. ಆರೋಗ್ಯವಂತರೆಲ್ಲರೂ ಒಂದೇ ಸಮನಾಗಿ ನಡೆಯುವುದಿಲ್ಲವಾದುದರಿಂದ ಕನಿಷ್ಠ ಮಿತಿಯೂ ಒಂದಿದೆ. ಉತ್ತರದಿಂದ ಪುರುಷರಿಗೆ 153 ಮೀಟರ್, ಸ್ತ್ರೀಯರಿಗೆ 139 ಮೀಟರ್ ಕಳೆದರೆ ಆ ಮಿತಿ ಸಿಗುತ್ತದೆ. ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು ಐದು ಮಂದಿ ಮಾತ್ರ ಈ ಮಿತಿಗಿಂತ ಕೆಳಗಿರುತ್ತಾರೆ.

ಉದಾಹರಣೆಗೆ, 60 ವರ್ಷದ, 165 ಸೆಂ.ಮೀ. ಎತ್ತರದ, 65 ಕೆ.ಜಿ. ತೂಕದ ಪುರುಷನಿಂದ ನಿರೀಕ್ಷಿಸುವ ದೂರ ಸುಮಾರು 524 ಮೀಟರ್. ಕನಿಷ್ಠ ಮಿತಿ 371 ಮೀಟರ್. ಅದೇ ವಯಸ್ಸಿನ, 152 ಸೆಂ.ಮೀ. ಎತ್ತರದ, 60 ಕೆ.ಜಿ. ತೂಕದ ಸ್ತ್ರೀಯಿಂದ ನಿರೀಕ್ಷಿಸುವ ದೂರ ಸುಮಾರು 504 ಮೀಟರ್. ಕನಿಷ್ಠ ಮಿತಿ ಸುಮಾರು 365 ಮೀಟರ್. ಇವರಿಬ್ಬರಿಗೂ 70 ವರ್ಷವಾದಾಗ, ಎತ್ತರ ತೂಕಗಳು ಬದಲಾಗದಿದ್ದರೆ, ನಿರೀಕ್ಷೆಯು ಕ್ರಮವಾಗಿ 474 ಮತ್ತು 446 ಮೀಟರಿಗೆ ಇಳಿಯುತ್ತದೆ.

ಲೆಕ್ಕದ ಮಿತಿಗಳು

ಈ ಸೂತ್ರವನ್ನು ಪಂಚಾಂಗದ ಗಣಿತದಂತೆ ಕರಾರುವಾಕ್ಕೆಂದು ತಿಳಿಯಬಾರದು. ಆರೋಗ್ಯವಂತರ ನಡಿಗೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು ನಲವತ್ತು ಭಾಗಕ್ಕೆ ಮಾತ್ರ ವಯಸ್ಸು, ಎತ್ತರ, ತೂಕಗಳು ಕಾರಣವೆಂದು ಅದೇ ಅಧ್ಯಯನ ತೋರಿಸಿತು. ಉಳಿದ ಅರವತ್ತು ಭಾಗ ಅಭ್ಯಾಸ, ಉದ್ಯೋಗ, ಮನೋಬಲ, ಸ್ನಾಯುಗಳ ಗಟ್ಟಿತನ ಮೊದಲಾದವುಗಳಿಗೆ ಸೇರಿದ್ದು. ಸಾರ, ಸಂಹನನ, ಸತ್ತ್ವಗಳನ್ನೂ ನೋಡಬೇಕೆಂದು ಆಚಾರ್ಯರು ಏಕೆ ಹೇಳಿದರೆಂಬುದು ಇಲ್ಲಿ ಮನವರಿಕೆಯಾಗುತ್ತದೆ.

ಎರಡನೆಯದಾಗಿ, ಸೂತ್ರವು ಯಾವ ಜನರ ಅಳತೆಯಿಂದ ಹುಟ್ಟಿತೋ ಆ ಜನರಿಗೇ ಹೆಚ್ಚು ಹೊಂದುತ್ತದೆ. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಏಳು ದೇಶಗಳ 444 ಆರೋಗ್ಯವಂತರನ್ನು ನಡೆಸಿದಾಗ ಸರಾಸರಿ 571 ಮೀಟರ್ ಬಂದಿತಾದರೂ, ಪ್ರದೇಶದಿಂದ ಪ್ರದೇಶಕ್ಕೆ ಗಣನೀಯ ಅಂತರವಿತ್ತು. ನಮ್ಮ ದೇಶದಲ್ಲಿಯೂ ಆರೋಗ್ಯವಂತ ಭಾರತೀಯರನ್ನು ನಡೆಸಿ ಬೇರೆ ಸೂತ್ರಗಳನ್ನು ರಚಿಸಿದ್ದಾರೆ. ಯಾವುದನ್ನು ಅನ್ವಯಿಸಬೇಕೆಂಬುದನ್ನು ಚಿಕಿತ್ಸೆ ನೀಡುವ ವೈದ್ಯರು ತೀರ್ಮಾನಿಸುತ್ತಾರೆ. ಆದ್ದರಿಂದ ಮೇಲಿನ ಲೆಕ್ಕದಲ್ಲಿ ಇಪ್ಪತ್ತು ಮೀಟರ್ ಕಡಿಮೆಯಾಯಿತೆಂದು ಯಾರೂ ಗಾಬರಿಗೊಳ್ಳಬೇಕಿಲ್ಲ.

ಮೂರನೆಯದಾಗಿ, ಓಣಿಯ ಉದ್ದವೂ ಮುಖ್ಯ. ಮನೆಯ ಹತ್ತು ಮೀಟರಿನ ಅಂಗಳದಲ್ಲಿ ನಡೆದರೆ ಮೇಲಿಂದ ಮೇಲೆ ತಿರುಗಬೇಕಾಗಿ ಬಂದು ದೂರ ಕಡಿಮೆಯಾಗುತ್ತದೆ. ಅಂತಹ ಅಳತೆಯನ್ನು ಸೂತ್ರದ ಉತ್ತರದೊಡನೆ ಹೋಲಿಸುವುದು ಸರಿಯಲ್ಲ.

ವಯಸ್ಸಿನ ಪಾಲು ಎಷ್ಟು?

ಇಷ್ಟೆಲ್ಲ ಮಿತಿಗಳಿದ್ದರೂ ಈ ಲೆಕ್ಕದಿಂದ ಒಂದು ಅಮೂಲ್ಯವಾದ ತಿಳಿವಳಿಕೆ ದೊರೆಯುತ್ತದೆ. ಸೂತ್ರದಲ್ಲಿ ವಯಸ್ಸಿನ ಮುಂದಿರುವ ಅಂಕಿಗಳನ್ನು ಗಮನಿಸಿರಿ: ಪುರುಷರಿಗೆ 5.02, ಸ್ತ್ರೀಯರಿಗೆ 5.78. ಅಂದರೆ ಒಂದು ವರ್ಷ ವಯಸ್ಸು ಹೆಚ್ಚಿದರೆ ಸರಾಸರಿಯಲ್ಲಿ ಕಡಿಮೆಯಾಗುವುದು ಐದಾರು ಮೀಟರ್ ಮಾತ್ರ. ಹತ್ತು ವರ್ಷಗಳಿಗೆ ಐವತ್ತರಿಂದ ಅರವತ್ತು ಮೀಟರ್. ವಯಸ್ಸು ನಮ್ಮಿಂದ ಕಸಿದುಕೊಳ್ಳುವ ಪಾಲು ಇಷ್ಟೇ.

ಈಗ ಒಂದು ನಿದರ್ಶನವನ್ನು ನೋಡೋಣ. ಮೇಲೆ ಹೇಳಿದ ಅಳತೆಯ ಪುರುಷನೊಬ್ಬನು 60ನೆಯ ವಯಸ್ಸಿನಲ್ಲಿ ಆರು ನಿಮಿಷಕ್ಕೆ 590 ಮೀಟರ್ ನಡೆಯುತ್ತಿದ್ದನು ಎಂದು ಭಾವಿಸಿರಿ. ಎರಡು ವರ್ಷಗಳ ನಂತರ ಅದೇ ಓಣಿಯಲ್ಲಿ 430 ಮೀಟರ್ ಮಾತ್ರ ನಡೆದನು. ಅವನ ಕನಿಷ್ಠ ಮಿತಿ 361 ಮೀಟರ್. 430 ಅದಕ್ಕಿಂತ ಮೇಲೆಯೇ ಇದೆ. ಕಾಗದದ ಮೇಲೆ ಅವನು ‘ಸಹಜ’. ಆದರೆ ಎರಡು ವರ್ಷಗಳಲ್ಲಿ ಕಳೆದದ್ದು 160 ಮೀಟರ್. ವಯಸ್ಸಿನ ಪಾಲು ಅದರಲ್ಲಿ ಹತ್ತು ಮೀಟರ್. ಮಿಕ್ಕ 150 ಮೀಟರನ್ನು ಯಾರು ಕದ್ದರು? ವೈದ್ಯನು ಕೇಳಬೇಕಾದ ಪ್ರಶ್ನೆ ಇದು. ‘ವಯಸ್ಸಾಯಿತಲ್ಲ’ ಎಂಬುದು ಇದಕ್ಕೆ ಉತ್ತರವಾಗಲಾರದು.

ಶ್ವಾಸಕೋಶದ ದೀರ್ಘಕಾಲದ ರೋಗವುಳ್ಳವರಲ್ಲಿ ಸುಮಾರು 30 ಮೀಟರಿನ ಏರಿಳಿತವನ್ನೇ ಅರ್ಥಪೂರ್ಣ ಬದಲಾವಣೆಯೆಂದು ತಜ್ಞರು ಪರಿಗಣಿಸುತ್ತಾರೆ. ಆದ್ದರಿಂದ ಇತರರ ಸರಾಸರಿಯೊಡನೆ ಹೋಲಿಸಿಕೊಳ್ಳುವುದಕ್ಕಿಂತ ತನ್ನ ಹಿಂದಿನ ಅಳತೆಯೊಡನೆ ಹೋಲಿಸಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ಹಾಗೆ ಹೋಲಿಸಬೇಕಾದರೆ ಆರೋಗ್ಯವಾಗಿರುವಾಗಲೇ ಒಮ್ಮೆ ಅಳೆದಿಟ್ಟುಕೊಂಡಿರಬೇಕು.

ತಡೆದದ್ದು ಯಾವುದು?

ದೂರದಷ್ಟೇ ಮುಖ್ಯವಾದದ್ದು, ಇನ್ನಷ್ಟು ನಡೆಯದಂತೆ ತಡೆದದ್ದು ಯಾವುದೆಂಬುದು. ಇದನ್ನು ರೋಗಿಯೇ ಹೇಳಬೇಕು.

ಉಸಿರು ಸಾಲದೆ ನಿಂತರೆ ಹೃದಯ, ಶ್ವಾಸಕೋಶ ಅಥವಾ ರಕ್ತಹೀನತೆಯ ಕಡೆಗೆ ಗಮನ ಹರಿಸಬೇಕು. ಕಾಲುಗಳಲ್ಲಿ ಬಾವು, ರಾತ್ರಿ ಮಲಗಿದಾಗ ಉಸಿರುಗಟ್ಟುವುದು ಇದ್ದರೆ ಹೃದಯವನ್ನು ಮೊದಲು ಪರೀಕ್ಷಿಸಬೇಕು. ಬಹುಕಾಲ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದ ತಾಯಂದಿರಲ್ಲಿ, ಬೀಡಿ ಸಿಗರೇಟು ಸೇದಿರದಿದ್ದರೂ, ದೀರ್ಘಕಾಲದ ಶ್ವಾಸರೋಗ ಇರಬಹುದು.

ಮೀನಖಂಡದಲ್ಲಿ ಹಿಡಿದಂತೆ ನೋವು ಬಂದು, ನಿಂತ ಕೆಲವು ನಿಮಿಷಗಳಲ್ಲಿ ಮಾಯವಾಗಿ, ಮತ್ತೆ ಅಷ್ಟೇ ದೂರ ನಡೆದಾಗ ಮರಳಿ ಬಂದರೆ ಕಾಲಿನ ರಕ್ತನಾಳಗಳು ಕಿರಿದಾಗಿರುವ ಸಂಭವವಿದೆ. ಮಧುಮೇಹಿಗಳೂ ಧೂಮಪಾನಿಗಳೂ ಇದನ್ನು ಬರಿಯ ವಾತವೆಂದು ಬಿಡಬಾರದು. ನಿಂತರೆ ಶಮನವಾಗದೆ, ಕುಳಿತಾಗ ಅಥವಾ ಮುಂದಕ್ಕೆ ಬಾಗಿದಾಗ ಶಮನವಾಗುವ ಕಾಲುನೋವು ಬೆನ್ನುಹುರಿಯ ನಾಳ ಕಿರಿದಾಗಿರುವುದನ್ನು ಸೂಚಿಸಬಹುದು. ಮಂಡಿಯ ಸಂಧಿವಾತ, ಪಾದದ ಜೋಮು, ಮಂದದೃಷ್ಟಿ, ಬಿದ್ದುಬಿಡುವೆನೆಂಬ ಭಯ ಇವೂ ನಡಿಗೆಯನ್ನು ಕುಗ್ಗಿಸುತ್ತವೆ. ಇವು ಪ್ರತಿಯೊಂದಕ್ಕೂ ಬೇರೆ ಬೇರೆ ಚಿಕಿತ್ಸೆಯಿದೆ.

ನಡೆಯುವಾಗ ಎದೆಯಲ್ಲಿ ಬಿಗಿತ ಅಥವಾ ನೋವು, ತಲೆಸುತ್ತು, ತಣ್ಣನೆಯ ಬೆವರು, ಮುಖ ಬಿಳಿಚುವುದು ಕಂಡರೆ ಕೂಡಲೇ ನಡಿಗೆ ನಿಲ್ಲಿಸಿ ಕುಳಿತುಕೊಳ್ಳಬೇಕು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಷಾಯ ಕುಡಿದು ಬೆಳಗಾಗಲೆಂದು ಕಾಯುವ ಸಮಯ ಇದಲ್ಲ.

ಯಾರು ಸ್ವತಃ ಮಾಡಿಕೊಳ್ಳಬಾರದು?

ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾಗಿದ್ದವರಿಗೆ, ಅಥವಾ ವಿಶ್ರಾಂತಿಯಲ್ಲಿಯೂ ಎದೆನೋವು ಬರುವವರಿಗೆ ಈ ಪರೀಕ್ಷೆ ನಿಷಿದ್ಧ. ವಿಶ್ರಾಂತಿಯಲ್ಲಿ ನಾಡಿ 120ಕ್ಕಿಂತ ಹೆಚ್ಚಿದ್ದರೆ, ರಕ್ತದೊತ್ತಡ ಮೇಲಿನದು 180ಕ್ಕಿಂತ ಅಥವಾ ಕೆಳಗಿನದು 100ಕ್ಕಿಂತ ಹೆಚ್ಚಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಹೃದಯ ಅಥವಾ ಶ್ವಾಸಕೋಶದ ರೋಗ ಈಗಾಗಲೇ ಇರುವವರು ವೈದ್ಯರ ಸಮ್ಮುಖದಲ್ಲಿಯೇ ಮಾಡಿಸಿಕೊಳ್ಳಬೇಕು. ಇಂತಹ ತೊಂದರೆಯಿಲ್ಲದವರು ಮನೆಯವರೊಬ್ಬರನ್ನು ಹತ್ತಿರದಲ್ಲಿರಿಸಿಕೊಂಡು, ತಂಪು ಹೊತ್ತಿನಲ್ಲಿ, ಟೇಪಿನಿಂದ ಅಳೆದ ಸಮತಟ್ಟು ಜಾಗದಲ್ಲಿ ನಡೆದು ನೋಡಬಹುದು.

ಬಲವನ್ನು ಗಳಿಸುವ ಬಗೆ

ಬಲವು ಮೂರು ವಿಧವೆಂದು ಚರಕಸಂಹಿತೆ ಹೇಳುತ್ತದೆ: ಹುಟ್ಟಿನಿಂದ ಬಂದ ಸಹಜಬಲ, ಋತು ಮತ್ತು ವಯಸ್ಸಿನಿಂದ ಉಂಟಾಗುವ ಕಾಲಜಬಲ, ಆಹಾರವಿಹಾರಗಳಿಂದ ಗಳಿಸುವ ಯುಕ್ತಿಕೃತಬಲ. ನಮ್ಮ ಎತ್ತರವನ್ನು ನಾವು ಬದಲಿಸಲಾರೆವು, ವಯಸ್ಸನ್ನು ಹಿಂದಿರುಗಿಸಲಾರೆವು. ಮೂರನೆಯದು ನಮ್ಮ ಕೈಯಲ್ಲಿದೆ. ಸೂತ್ರದಲ್ಲಿಯೂ ತೂಕ ಹತ್ತು ಕೆ.ಜಿ. ಹೆಚ್ಚಿದರೆ ನಿರೀಕ್ಷಿತ ದೂರ ಪುರುಷರಿಗೆ ಸುಮಾರು 18 ಮೀಟರ್, ಸ್ತ್ರೀಯರಿಗೆ ಸುಮಾರು 23 ಮೀಟರ್ ಕಡಿಮೆಯಾಗುತ್ತದೆ. ಸ್ತ್ರೀಯರಿಗೆ ಹತ್ತು ಕೆ.ಜಿ. ತೂಕವು ನಾಲ್ಕು ವರ್ಷದ ವಯಸ್ಸಿಗೆ ಸಮನಾದ ಹೊರೆ.

ದೇಹವನ್ನು ಹೆಚ್ಚು ಪೀಡಿಸದ ನಡಿಗೆಯು ಆಯುಸ್ಸು, ಬಲ, ಮೇಧಾಶಕ್ತಿ ಮತ್ತು ಜಠರಾಗ್ನಿಯನ್ನು ವರ್ಧಿಸುತ್ತದೆಂದು ಸುಶ್ರುತರು ಹೇಳಿದ್ದಾರೆ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂಬುದು ಶಾಸ್ತ್ರದ ನಿಯಮ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಂದ ಉಸಿರಾಡುವಂತಾದರೆ ಅರ್ಧಬಲ ಮುಗಿಯಿತೆಂದು ತಿಳಿಯಬೇಕು. ಜೊತೆಯವರೊಡನೆ ಮಾತನಾಡುತ್ತ ನಡೆಯುವಂತಿರಬೇಕು, ಹಾಡುವಷ್ಟು ಉಸಿರು ಉಳಿದಿರಬಾರದು; ಅದು ನಿತ್ಯದ ನಡಿಗೆಗೆ ತಕ್ಕ ವೇಗ. ವಾರಕ್ಕೆ ಕನಿಷ್ಠ 150 ನಿಮಿಷ ಇಂತಹ ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸಲಹೆ ಮಾಡಿದೆ. ಆರು ನಿಮಿಷದ ಪರೀಕ್ಷೆ ಬಲವನ್ನು ಅಳೆಯುವುದಕ್ಕೆ. ಅದನ್ನೇ ನಿತ್ಯದ ವ್ಯಾಯಾಮವನ್ನಾಗಿ ಮಾಡಿಕೊಳ್ಳಬಾರದು.

ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರಲ್ಲಿ ಹಿರಿಯರೂ ಇರುತ್ತಾರೆ. ಬಿಸಿಲು ಏರುವ ಕಾಲ, ದಿನಗಟ್ಟಲೆಯ ದಾರಿ. ವರ್ಷವಿಡೀ ಕುಳಿತಿದ್ದು ಒಮ್ಮೆಲೇ ಹೊರಡುವುದು ಯುಕ್ತವಲ್ಲ. ಎರಡು ಮೂರು ತಿಂಗಳು ಮೊದಲೇ ಆರು ನಿಮಿಷದ ನಡಿಗೆಯನ್ನು ಅಳೆದುಕೊಂಡು, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ನಿತ್ಯದ ದೂರವನ್ನು ಹೆಚ್ಚಿಸಿಕೊಂಡು ಹೋಗಬೇಕು. ಅಳತೆಯು ಕನಿಷ್ಠ ಮಿತಿಗಿಂತ ಕೆಳಗಿದ್ದರೆ ಅಥವಾ ಹಿಂದಿನ ವರ್ಷಕ್ಕಿಂತ ಬಹಳ ಇಳಿದಿದ್ದರೆ ಹೊರಡುವ ಮೊದಲು ತಪಾಸಣೆ ಅವಶ್ಯ.

ನಲವತ್ತು ದಾಟಿದ ಪ್ರತಿಯೊಬ್ಬರೂ ಒಂದು ಪುಸ್ತಕದಲ್ಲಿ ವರ್ಷಕ್ಕೆರಡು ಸಲ ದಿನಾಂಕ, ತೂಕ, ಆರು ನಿಮಿಷಕ್ಕೆ ನಡೆದ ದೂರ, ತಡೆದ ಕಾರಣ ಈ ನಾಲ್ಕನ್ನು ಬರೆದಿಡಲಿ. ಪ್ರತಿಸಲವೂ ಜಾಗ ಅದೇ ಆಗಿರಲಿ. ಮನೆಯಲ್ಲಿ ವೃದ್ಧರಾದ ತಂದೆತಾಯಿಗಳಿದ್ದರೆ ಮಕ್ಕಳು ಗಡಿಯಾರ ಹಿಡಿದು ನಿಲ್ಲಲಿ. ವೈದ್ಯರ ಬಳಿಗೆ ಹೋದಾಗ ಆ ಪುಟವನ್ನು ತೋರಿಸಿದರೆ, ಕುಗ್ಗಿದ ಬಲದಲ್ಲಿ ವಯಸ್ಸಿನ ಪಾಲೆಷ್ಟು, ಚಿಕಿತ್ಸೆಯಿಂದ ಮರಳಿ ಪಡೆಯಬಹುದಾದ ಪಾಲೆಷ್ಟು ಎಂಬುದನ್ನು ನಿರ್ಣಯಿಸಲು ಅವರಿಗೆ ದೊಡ್ಡ ಸಹಾಯವಾಗುತ್ತದೆ.